ಕರಿ ಮರಿ ಕಂಡು ಹೆದರಿದ ಅಳಿಯನಿಗೆ

ಕುಷ್ಟಗಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ಇಲ್ಲಿಯ ಸುದ್ದಿಯೆಲ್ಲ ನಿನಗೆ ಗೊತ್ತಿದ್ದದ್ದೇ. ನಿನ್ನ ಪತ್ರದ ಒಂದು ಮಾತು ಮಾತ್ರ ನನ್ನ ನಿದ್ದೆಗೆಡಿಸಿತು: “ಬಿಳಿ ಟಗರಿಗೆ, ಬಿಳಿ ಕುರಿಗೆ ಕರಿ ಮರಿ ಹುಟ್ಟಿದೆ, ದುರ್ಬಲ ಜೀನು ಹಟ್ಟಿಗೆ ಹೊಕ್ಕಿದೆ, ಟಗರು ಮಾರುತ್ತೇನೆ.” ತಾಳು.

ದುರ್ಬಲ ಎಂದರೆ ನಿಶ್ಶಕ್ತ ಅಲ್ಲಪ್ಪ. ಜೀನು ಎಂದರೆ ಮೈಬಣ್ಣದಂಥ ಗುಣವನ್ನು ತಂದೆತಾಯಿಯಿಂದ ಮರಿಗೆ ದಾಟಿಸುವ ಅಂಶ. ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಜೋಡಿ ಜೀನು ಬರುತ್ತವೆ. ಬಿಳಿಯದು ಒಂದಿದ್ದರೂ ಸಾಕು, ಮೈ ಬಿಳಿ. ಕರಿ ಕಾಣಬೇಕಾದರೆ ಎರಡೂ ಕರಿಯವೇ ಆಗಿರಬೇಕು. ಬಿಳಿಯ ಮುಂದೆ ಅಡಗಿ ಕೂರುತ್ತದೆಂದು ಪುಸ್ತಕದವರು ಅದಕ್ಕೆ ದುರ್ಬಲ ಎಂದರು, ಅಷ್ಟೇ. ಮರಿ ಚೆನ್ನಾಗಿ ಮೊಲೆ ಚೀಪುತ್ತಿದ್ದರೆ ಅದರ ಮೈಯಲ್ಲಿ ಯಾವ ಕೊರತೆಯನ್ನೂ ಹುಡುಕಬೇಡ.

ಟಗರೊಂದನ್ನೇ ದೂರಲೂಬೇಡ. ತಾಯಿಯಲ್ಲೂ ಕರಿ ಅಡಗಿದೆ. ಆ ಜೋಡಿಗೆ ಪ್ರತಿ ಮರಿಯೂ ಕರಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಿಳಿಯಾಗಿ ಹುಟ್ಟಿದ ಮೂರರಲ್ಲಿ ಸರಾಸರಿ ಎರಡು ಅದನ್ನು ಒಳಗೇ ಹೊತ್ತಿರುತ್ತವೆ. ನಾನೂ ಹಿಂದೆ ಟಗರು ಮಾರಿ ತಾಯಿಯನ್ನೂ ಅದರ ಬಿಳಿ ಮರಿಗಳನ್ನೂ ಉಳಿಸಿಕೊಂಡಿದ್ದೆ. ಒಳ್ಳೆ ಟಗರು ಕಳೆದುಕೊಂಡ ಆ ಕೊರಗು ಇನ್ನೂ ಹೋಗಿಲ್ಲ. (ಮೇಯುವಾಗ ನೆರೆಯವರ ಕರಿ ಟಗರು ಕೂಡಿದ್ದರೆ ಲೆಕ್ಕ ಬೇರೆ, ಕರಾಕುಲ್‌ನಂಥ ತಳಿಗಳಲ್ಲಿ ಕರಿಯೇ ಪ್ರಬಲ, ಒಂದಿದ್ದರೂ ಮೈ ಕರಿ. ಮರಿ ಹುಟ್ಟಿದ ದಿನದಿಂದ ಸುಮಾರು 150 ದಿನ ಹಿಂದಕ್ಕೆ ಎಣಿಸಿ, ಆಗ ಎಲ್ಲಿ ಮೇಯಿಸುತ್ತಿದ್ದೆ ನೆನಪು ಮಾಡಿಕೋ.)

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಹೆದರಬೇಕಾದದ್ದು ಬಣ್ಣಕ್ಕಲ್ಲ, ಟಗರನ್ನು ಅದರ ಮಕ್ಕಳ ಮೇಲೇ ಬಿಡುವುದಕ್ಕೆ. ಕರಿ ಅಡಗಿದಂತೆ ಹುಟ್ಟು ದೋಷಗಳೂ ಅಡಗಿರುತ್ತವೆ. ರಕ್ತಸಂಬಂಧದಲ್ಲಿ ಅಂಥ ಎರಡು ಜೀನು ಒಂದೇ ಮರಿಯಲ್ಲಿ ಕೂಡುವುದು ಸುಲಭ. ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲೇ ಟಗರು ಬದಲಿಸು. ಇದನ್ನು ನೀನು ಹಟ್ಟಿ ಕಟ್ಟಿದಾಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಹೊಸ ಟಗರಿನಲ್ಲಿ ಕರಿ ಅಡಗಿದೆಯೋ ಎಂದು ತಿಳಿಯಬೇಕಾದರೆ ಇಂಥ ಕರಿ ಕುರಿಗಳ ಜೊತೆಗೇ ಕೂಡಿಸಿ ನೋಡಬೇಕು. ಒಂದು ಕರಿ ಮರಿ ಹುಟ್ಟಿದರೆ ಸಾಕು, ಅಡಗಿರುವುದು ಖಾತ್ರಿ. ಏಳಕ್ಕೆ ಏಳೂ ಮರಿ ಬಿಳಿಯಾದರೆ ಕರಿ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಕರಿ ಹೊತ್ತ ಟಗರಿಗೆ ಹಾಗಾಗುವುದು 128ರಲ್ಲಿ ಒಂದು ಸಲ. ಇಷ್ಟು ಕಾಯುವುದು ನಿನಗೆ ಕಷ್ಟವೇ, ಬಲ್ಲೆ.

ಅದಕ್ಕೇ ಆ ಮರಿ ಹೆಣ್ಣಾದರೆ ಕೊಡಬೇಡ. ಮುಂದೆ ಪರೀಕ್ಷೆಗೆ ಬೇಕು, ಉಣ್ಣೆಯೂ ಬಣ್ಣ ಹಾಕದೆ ಕರಿ ಕಂಬಳಿಗೆ ಆಗುತ್ತದೆ. ತಾಯಿಯ ಕಿವಿಗೆ ಗುರುತು ಹಾಕು. ಮುಂದಿನ ಸಂತೆಗೆ ಮೊದಲು ಮರಿ ಗಂಡೋ ಹೆಣ್ಣೋ ಬರೆದು ತಿಳಿಸು. ಅಲ್ಲಿಯವರೆಗೆ ಟಗರನ್ನು ಯಾರಿಗೂ ತೋರಿಸಬೇಡ.

ನಿನ್ನ ಮಾವ