ವೈವಾದಲ್ಲಿ ಸ್ಕ್ರೀನ್ ಎಣಿಸಬೇಡಿ, ಟೇಬಲ್ ತೆರೆಸಿ

ಮಾನ್ಯ ಸಂಪಾದಕರೆ,

ಎಂಸಿಎ, ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ಗಳಲ್ಲಿ ಲೈಬ್ರರಿ, ಹಾಸ್ಟೆಲ್, ಆನ್‌ಲೈನ್ ಶಾಪಿಂಗ್ ಇವೇ ವರ್ಷವರ್ಷವೂ ಸುತ್ತುತ್ತಿವೆ. ಲಾಗಿನ್ ಪುಟ, ಬಣ್ಣದ ಡ್ಯಾಶ್‌ಬೋರ್ಡ್, ನಾಲ್ಕು ರಿಪೋರ್ಟು ಇದ್ದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅಂಕ ಸಿಗುತ್ತದೆ. ಒಳಗಿನ ಡೇಟಾಬೇಸನ್ನು, ಅಂದರೆ ಮಾಹಿತಿ ಕೂರುವ ಟೇಬಲ್‌ಗಳನ್ನು (ಕೋಷ್ಟಕಗಳನ್ನು) ತೆರೆದು ನೋಡುವವರು ಕಡಿಮೆ. 2020-21ರಿಂದ ಎಂಸಿಎ ಎರಡೇ ವರ್ಷದ ಕೋರ್ಸ್. ಸಿಗುವ ಅಷ್ಟು ಸಮಯವೂ ನಕಲು ಕೋಡ್‌ಗೆ ಹೋಗುತ್ತಿರುವುದು ನಮಗೆ ನೋವಿನ ಸಂಗತಿ.

ದಾವಣಗೆರೆ ಎಪಿಎಂಸಿ ಯಾರ್ಡಿಗೆ ಬರುವ ಒಂದು ಲಾಟ್ ಮೆಕ್ಕೆಜೋಳವನ್ನೇ ವಿಷಯವಾಗಿ ಕೊಡಿ. ರೈತರು, ದಲಾಲಿ ಅಂಗಡಿ, ಲಾಟ್, ಖರೀದಿದಾರರು ಬರೆದ ಬೆಲೆ, ತೂಕ, ಪಾವತಿ: ಕೀಬೋರ್ಡ್ ಮುಟ್ಟುವ ಮೊದಲು ಈ ಆರು ಟೇಬಲ್‌ಗಳನ್ನು ಹಾಳೆಯ ಮೇಲೆ ಬರೆಯಲಿ. ಎಲ್ಲವನ್ನೂ ಒಂದೇ ಉದ್ದನೆಯ ಟೇಬಲ್‌ಗೆ ತುರುಕಿದರೆ ಒಬ್ಬರೇ ರೈತರ ಊರು ಮೂರು ಲಾಟ್‌ಗಳಲ್ಲಿ ಮೂರು ಕಾಗುಣಿತದಲ್ಲಿ ಕೂರುತ್ತದೆ. ಮೊಬೈಲ್ ನಂಬರನ್ನೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಮಾಡಿದರೆ, ಅವರು ನಂಬರ್ ಬದಲಿಸಿದ ದಿನ ಹಳೆಯ ಲೆಕ್ಕಕ್ಕೆ ವಾರಸುದಾರರಿಲ್ಲ. ಸರ್ವೆ ನಂಬರ್ ಹೆಸರಿಗಷ್ಟೇ ನಂಬರು. 45/2ಎ ಎಂಬುದು ಇಂಟಿಜರ್ (ಪೂರ್ಣಾಂಕ) ಕಾಲಂನಲ್ಲಿ ಹಿಡಿಸುವುದಿಲ್ಲ. ಹಣವನ್ನು ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಫ್ಲೋಟ್‌ನಲ್ಲಿ ಇಡಲೇಬಾರದು: 1,23,456.78 ರೂಪಾಯಿ ಅಲ್ಲಿ 123456.78125 ಆಗಿ ಉಳಿಯುತ್ತದೆ, ಸಂಜೆ ಮೊತ್ತ ತಾಳೆ ಹಾಕಿದಾಗ ಪೈಸೆಗಳು ಕೂಡಿಬರುವುದಿಲ್ಲ. ದಶಮಾಂಶವನ್ನು ಇದ್ದಂತೆಯೇ ಇಡುವ ಡೆಸಿಮಲ್ ಬಳಸಬೇಕು. ಆ ದಿನದ ದರವೂ ಲಾಟ್‌ನ ಸಾಲಿನಲ್ಲೇ ದಾಖಲಾಗಬೇಕು. ಪ್ರತ್ಯೇಕ ದರಪಟ್ಟಿಯಿಂದ ಎತ್ತಿಕೊಂಡರೆ ಮುಂದಿನ ವಾರ ದರ ತಿದ್ದಿದ ಕೂಡಲೇ ಹಳೆಯ ಬಿಲ್‌ಗಳೂ ಬದಲಾಗುತ್ತವೆ.

ಕನ್ನಡದ ಹೆಸರು, ಊರುಗಳನ್ನು ಹಾಕಿಸದೆ ಯಾವ ಪ್ರಾಜೆಕ್ಟನ್ನೂ ಒಪ್ಪಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಲ್ಯಾಬ್‌ಗಳಲ್ಲಿ ಎಲ್ಲವೂ ಇಂಗ್ಲಿಷ್ ಹೆಸರಲ್ಲೇ ನಡೆಯುವುದರಿಂದ ಈ ತೊಡಕುಗಳು ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಇರುವ ಲ್ಯಾಟಿನ್-1 ಅಕ್ಷರಸಂಕೇತದ ಟೇಬಲ್‌ಗೆ ಕನ್ನಡ ಹೋದರೆ ದಾಖಲೆ ನಿರಾಕರಣೆಯಾಗುತ್ತದೆ, ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮೂಲ ಪಠ್ಯ ಮತ್ತೆ ಸಿಗದು. ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನಲ್ಲಿ 8.0 ಆವೃತ್ತಿಗೆ ಮುಂಚೆ ಅದೇ ಡೀಫಾಲ್ಟ್ ಆಗಿತ್ತು. ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಇನ್ನೊಂದು ಡೇಟಾಬೇಸ್ ಒರಾಕಲ್‌ನಲ್ಲಿ 30 ಬೈಟ್‌ನ ಕಾಲಂ ಇಟ್ಟು ತಿಪ್ಪೇರುದ್ರಪ್ಪ ಎಂದು ಬರೆಯಲು ಹೋಗಿ ನೋಡಿ: ಒತ್ತು, ಗುಣಿತ ಸೇರಿ 14 ಸಂಕೇತ, 42 ಬೈಟ್, ದಾಖಲೆಯೇ ನಿರಾಕರಣೆಯಾಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ದೊಡ್ಡಬಾತಿಯಂಥ ಊರಿನ ಹೆಸರು. ಮೊದಲಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತವಾಗಿಯೂ ಸಂಗ್ರಹಿಸಲು ಬರುತ್ತದೆ. ಪರದೆಯ ಮೇಲೆ ಎರಡೂ ಒಂದೇ ತರಹ, ಆದರೆ ಮತ್ತೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಹೋಲಿಕೆಯಲ್ಲಿ ಅವು ಬೇರೆ ಬೇರೆ ಊರು! ಸಂಗ್ರಹಿಸುವ ಮೊದಲು ಯೂನಿಕೋಡ್ ನಾರ್ಮಲೈಸೇಷನ್ (ಎರಡನ್ನೂ ಒಂದೇ ರೂಪಕ್ಕೆ ತರುವುದು) ಮಾಡಿದರೆ ಸಮಸ್ಯೆ ತೀರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನ ಕಡತವನ್ನಂತೂ ಪರಿವರ್ತಿಸದೆ ಒಳಗೆ ಬಿಡಬಾರದು; ಫಾಂಟ್ ತೆಗೆದರೆ ಅದು ಕನ್ನಡವೇ ಅಲ್ಲ, ಹುಡುಕಿದರೆ ಸಿಗುವುದೂ ಇಲ್ಲ.

ಪರೀಕ್ಷಕರಲ್ಲಿ ನಮ್ಮ ಕೋರಿಕೆ ಇಷ್ಟು. ಎರಡು ಬ್ರೌಸರ್ ತೆರೆಸಿ, ಒಂದೇ ಲಾಟನ್ನು ಇಬ್ಬರು ಖರೀದಿದಾರರ ಹೆಸರಿಗೆ ಒಟ್ಟೊಟ್ಟಿಗೆ ಮುಗಿಸಲು ಹೇಳಿ. 'ಖಾಲಿ ಇದೆಯೇ' ಎಂದು ಮೊದಲು ಓದಿ ಆಮೇಲೆ ಬರೆಯುವ ಕೋಡ್ ಆಗಿದ್ದರೆ ಇಬ್ಬರಿಗೂ 'ಯಶಸ್ವಿ' ಎಂದು ತೋರಿಸಿ, ಮೊದಲನೆಯವರ ಹೆಸರನ್ನು ಸದ್ದಿಲ್ಲದೆ ಅಳಿಸುತ್ತದೆ. ಅಪ್‌ಡೇಟ್ ಆಜ್ಞೆಯಲ್ಲೇ 'ಲಾಟ್ ಇನ್ನೂ ತೆರೆದಿದ್ದರೆ' ಎಂಬ ಷರತ್ತು ಹಾಕಿ, ಎಷ್ಟು ಸಾಲು ಬದಲಾಯಿತು ಎಂದು ನೋಡಬೇಕು. ಸೊನ್ನೆ ಬಂದರೆ ಬೇರೆಯವರು ಮುಂಚೆಯೇ ಮುಗಿಸಿದ್ದಾರೆ ಎಂದರ್ಥ. ತೂಕ ಬರೆದು ಪಾವತಿ ಬರೆಯುವ ನಡುವೆ ಸರ್ವರ್ ನಿಲ್ಲಿಸಿ. ಎರಡನ್ನೂ ಸೇರಿಸಿ ಪೂರ್ತಿ ಬರೆಯುವ ಇಲ್ಲವೇ ಪೂರ್ತಿ ಬಿಡುವ ಟ್ರಾನ್ಸಾಕ್ಷನ್ ಇಲ್ಲದಿದ್ದರೆ ತೂಕ ಮಾತ್ರ ಉಳಿದಿರುತ್ತದೆ. ಹುಡುಕುವ ಬಾಕ್ಸ್‌ನಲ್ಲಿ ಒಂದೇ ಒಂದು ಸಿಂಗಲ್ ಕೋಟ್ ಒತ್ತಿ. ಡೇಟಾಬೇಸ್ ಎರರ್ ಬಂದರೆ ಕ್ವೆರಿಯನ್ನು (ಡೇಟಾಬೇಸಿಗೆ ಕಳಿಸುವ ಆಜ್ಞೆಯನ್ನು) ತುಂಡು ತುಂಡು ಜೋಡಿಸಿ ಕಟ್ಟಿದ್ದಾರೆ ಎಂದು ತಿಳಿಯಿರಿ. ಬಳಕೆದಾರರು ಒತ್ತಿದ್ದನ್ನು ಕ್ವೆರಿಯಿಂದ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದರೆ ಆ ಕೋಟ್ ಬರೀ ಒಂದು ಅಕ್ಷರ. ಪಾಸ್‌ವರ್ಡ್ ಕಾಲಂ ತೆರೆಸಿ, ಎಂಡಿ5 (ಸುಲಭವಾಗಿ ಭೇದಿಸಬಹುದಾದ ಹಳೆಯ ಹ್ಯಾಶ್ ವಿಧಾನ) ಕಂಡರೆ ಅಂಕ ಕಳೆಯಿರಿ. ಹತ್ತು ಸಾಲಿನ ಟೇಬಲ್‌ನಲ್ಲಿ ಎಲ್ಲ ಕ್ವೆರಿಯೂ ಚುರುಕಾಗಿಯೇ ಓಡುತ್ತದೆ. ಒಂದು ಲಕ್ಷ ಕೃತಕ ಲಾಟ್ ತುಂಬಿಸಿ, ಕ್ವೆರಿ ಓಡುವ ದಾರಿ ತೋರಿಸುವ ಎಕ್ಸ್‌ಪ್ಲೇನ್ ಓಡಿಸಿದಾಗಲೇ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಎಲ್ಲಿ ಬೇಕಿತ್ತು ಎಂದು ತಿಳಿಯುವುದು.

ಕಡೆಯದಾಗಿ, ಬ್ಯಾಕಪ್ ಫೈಲ್ ಕೊಡಿ ಎಂದು ಕೇಳಿ, ಪಕ್ಕದ ಖಾಲಿ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಯ ಕೈಯಿಂದಲೇ ರೀಸ್ಟೋರ್ ಮಾಡಿಸಿ. ಹದಿನೈದು ನಿಮಿಷ ಸಾಕು. ಅಲ್ಲಿ ತಿಪ್ಪೇರುದ್ರಪ್ಪನವರ ಹೆಸರು ಸರಿಯಾಗಿ ಮೂಡಿದರೆ ಅಂಕ ಕೊಡಿ.

– ಕಂಪ್ಯೂಟರ್ ಸೈನ್ಸ್ ಬೋಧಕರು, ದಾವಣಗೆರೆ