ಸೀತೆಯ ತವರು, ಸೀತೆಯ ಬಾಣಂತನ

ಮಾನ್ಯರೇ,

ಈ ಸಲ ಶಿವರಾತ್ರಿ ಜಾತ್ರೆಗೆ ಆವಣಿಗೆ ಹೋಗಿದ್ದೆ. ನಮ್ಮ ಬೀದಿಯ ಹೋಟೆಲಿನಲ್ಲಿ ಅಡುಗೆ ಮಾಡುವ ಹುಡುಗನೂ ಜೊತೆಗೆ ಬಂದಿದ್ದ. ಅವನು ನೇಪಾಳದ ಧನುಷಾ ಜಿಲ್ಲೆಯವನು. ಮನೆಮಾತು ಮೈಥಿಲಿ. ಬಿಹಾರದವನು ಅಂತಲೇ ಎಲ್ಲರೂ ತಿಳಿದುಕೊಂಡಿರುತ್ತಾರೆ. ಬೆಟ್ಟದ ಮೇಲೆ ಸೀತಾ ಪಾರ್ವತಿ ಗುಡಿಯ ಸಾಲಿನಲ್ಲಿ ಯಾರೋ ಅವನ ಊರು ಕೇಳಿದರು. ನೇಪಾಳ ಅಂದ. 'ಫಾರಿನ್‌ನವನಿಗೆ ನಮ್ಮ ದೇವರ ಹತ್ತಿರ ಏನು ಕೆಲಸ' ಎಂದು ಅವರು ನಕ್ಕರು. ಹುಡುಗನಿಗೆ ಅಷ್ಟು ಕನ್ನಡ ಬರುತ್ತದೆ. ಅಲ್ಲಿ ಏನೂ ಹೇಳಲಿಲ್ಲ. ಬೆಟ್ಟ ಇಳಿಯುವಾಗ ಮೆಲ್ಲಗೆ, 'ಸರ್, ಸೀತಮ್ಮ ನಮ್ಮೂರ ಮಗಳು' ಅಂದ.

ಆಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮುಳಬಾಗಿಲು ತಾಲ್ಲೂಕಿನ ಆವಣಿಯನ್ನು ಕೋಲಾರ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಬೆಟ್ಟದ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿ ಇದೆ. ಪಕ್ಕದಲ್ಲೇ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿವೆ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ನಮ್ಮ ಅಜ್ಜಿಯರು ಹೇಳಿಕೊಂಡು ಬಂದಿದ್ದಾರೆ. ಮಕ್ಕಳಿಲ್ಲದವರು ಇವತ್ತಿಗೂ ಸೀತಮ್ಮನಿಗೆ ಹರಕೆ ಹೊರುತ್ತಾರೆ. ವಾಲ್ಮೀಕಿ ಆಶ್ರಮ ನಮ್ಮಲ್ಲಿತ್ತು ಎಂದು ಕಾನ್ಪುರದ ಹತ್ತಿರದ ಬಿಠೂರಿನವರೂ ಹೇಳುತ್ತಾರೆ. ಹೇಳಲಿ. ಅದರಿಂದ ಆವಣಿಯ ಹರಕೆ ಕಡಿಮೆ ಆಗಿಲ್ಲ.

ಆ ಹುಡುಗ ಹೇಳಿದ್ದು ಜನಕಪುರದ ಮಾತು. ಅದು ಇರುವುದು ಅವನ ಧನುಷಾ ಜಿಲ್ಲೆಯಲ್ಲೇ. ಅಲ್ಲಿನ ದೊಡ್ಡ ಜಾನಕಿ ಮಂದಿರವನ್ನು ನೂರು ವರ್ಷಕ್ಕೂ ಹಿಂದೆ ಕಟ್ಟಿಸಿದ್ದು ನಮ್ಮ ದೇಶದ, ಮಧ್ಯಪ್ರದೇಶದ ಓರ್ಛಾ ರಾಜಮನೆತನದ ರಾಣಿ. ನೇಪಾಳ ಸೀತೆಯನ್ನೂ ಜನಕನನ್ನೂ ತನ್ನ ರಾಷ್ಟ್ರೀಯ ವಿಭೂತಿಗಳ, ಅಂದರೆ ದೇಶದ ಮಹನೀಯರ ಸಾಲಿಗೆ ಸೇರಿಸಿದೆ. ವಿವಾಹ ಪಂಚಮಿಯ ದಿನ ಅಲ್ಲಿ ಸೀತೆಯ ಮದುವೆ ನಡೆಯುತ್ತದೆ. ಊರವರೆಲ್ಲ ಹೆಣ್ಣಿನ ಕಡೆಯವರು, ರಾಮ ಅವರಿಗೆ ಅಳಿಯ. ಆದರೆ ಆ ದಿನ ತಮ್ಮ ಸ್ವಂತ ಹೆಣ್ಣುಮಕ್ಕಳ ಮದುವೆ ಇಟ್ಟುಕೊಳ್ಳಲು ಮಿಥಿಲೆಯ ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲವಂತೆ. ಸೀತೆ ಪಟ್ಟ ಕಷ್ಟ ನಮ್ಮ ಮಗಳಿಗೆ ಬೇಡ ಅಂತ. ಇದನ್ನು ಆ ಹುಡುಗ ಹೇಳಿದಾಗ ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು.

ನಮ್ಮಲ್ಲಿ ಬಾಣಂತನ ಮಾಡುವುದು ತವರುಮನೆ. ಗಂಡನ ಮನೆ ಬಿಟ್ಟು, ತುಂಬು ಬಸುರಿ ಸೀತೆ ಕಾಡಿಗೆ ಬಂದಾಗ ಅವಳ ಬಾಣಂತನ ಮಾಡಿದ್ದು ಆವಣಿ ಎಂದು ನಾವು ನಂಬುತ್ತೇವೆ. ಹಾಗಾದರೆ ಆವಣಿಯೂ ಅವಳ ತವರೇ ಅಲ್ವಾ? ಹುಟ್ಟಿದ ತವರು ಅವರದು, ಹೆತ್ತ ತವರು ನಮ್ಮದು. ಆ ಹುಡುಗ ಬೆಟ್ಟ ಹತ್ತಿದ್ದು ಅಕ್ಕನ ಮನೆಗೆ ಬಂದ ಹಾಗೆ.

ಜಗಳ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ನೇಪಾಳದ ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ, ನಿಜವಾದ ಅಯೋಧ್ಯೆ ಇರುವುದು ನೇಪಾಳದಲ್ಲಿ ಎಂದಿದ್ದರು. ಎರಡೂ ಕಡೆ ಜನ ಸಿಟ್ಟಾದರು. ಅದಕ್ಕೆ ಎರಡೇ ವರ್ಷ ಮೊದಲು, 2018ರಲ್ಲಿ, ಅದೇ ಓಲಿಯವರು ನಮ್ಮ ಪ್ರಧಾನಿ ಜೊತೆ ನಿಂತು ಜನಕಪುರದಿಂದ ಅಯೋಧ್ಯೆಗೆ ಬಸ್ ಬಿಟ್ಟಿದ್ದರು. ಇದು ದಾಯಾದಿಗಳ ಜಗಳ. ಪಾಲು ಇದ್ದವರೇ ಹೀಗೆ ಜಗಳ ಆಡುವುದು. ಸಂಬಂಧ ಇಲ್ಲದವರಿಗೆ ಅಯೋಧ್ಯೆ ಎಲ್ಲಿದ್ದರೇನು?

ಲಂಕೆಯದು ಇನ್ನೊಂದು ಕಥೆ. ನುವರ ಎಲಿಯ ಹತ್ತಿರ ಸೀತಾ ಎಲಿಯದಲ್ಲಿ ಸೀತೆಗೆ ಗುಡಿ ಇದೆ. ಅದೇ ದೇಶ 2019ರಲ್ಲಿ ತನ್ನ ಮೊದಲ ಉಪಗ್ರಹಕ್ಕೆ ರಾವಣನ ಹೆಸರಿಟ್ಟಿತು. ನಮಗೆ ರಾಕ್ಷಸ, ಅಲ್ಲಿ ಎಷ್ಟೋ ಜನರಿಗೆ ಜಾಣ ರಾಜ. ಇನ್ನು ನಮ್ಮ ಕೋಲಾರಮ್ಮನ ಗುಡಿಗೆ ಹೋದರೆ ಗೋಡೆಯ ಮೇಲೆ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಅವನ ಸೇನೆಯೇ ಲಂಕೆಯ ರಾಜ ಐದನೇ ಮಹಿಂದನನ್ನು ಸೆರೆ ಹಿಡಿದು ತಂದದ್ದು. ಚೋಳರು ಲಂಕೆಯ ಪೊಲೊನ್ನರುವದಲ್ಲಿ ಕಟ್ಟಿದ ಶಿವನ ಗುಡಿಯೂ ಇನ್ನೂ ನಿಂತಿದೆ. ನೆಂಟಸ್ತನ ಬರೀ ಮದುವೆಯಿಂದ ಬಂದದ್ದಲ್ಲ, ಯುದ್ಧದಿಂದಲೂ ಬಂದಿದೆ. ಅದನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು.

ಭಾರತೀಯ ಅಂದರೆ ಯಾರು ಎಂದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ನಾನು. ನಕ್ಷೆಯಲ್ಲಿ ಗಡಿ ಗೆರೆ ತೋರಿಸಿ, ಇದರೊಳಗಿನವರು ಅನ್ನುತ್ತಿದ್ದೆ. ಅದು ತಪ್ಪಲ್ಲ. ಆದರೆ ಅಷ್ಟೇ ಹೇಳಿ ಬಿಟ್ಟದ್ದು ಸಾಲದು ಎಂದು ಈಗ ಅನ್ನಿಸುತ್ತದೆ. ನಮ್ಮ ಮುಳಬಾಗಿಲಿನಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳೂ ಕೇಳುತ್ತದೆ. ಇದರಿಂದ ನಾವು ಕನ್ನಡದವರಾಗುವುದು ತಪ್ಪಿಲ್ಲ. ದೇಶದ ವಿಷಯವೂ ಹೀಗೇ. ನೆರೆಯವರನ್ನು ತೆಗೆದುಹಾಕಿದರೆ ನಮ್ಮ ಸೀತೆಗೆ ಹುಟ್ಟೂರೂ ಇಲ್ಲ, ಅಶೋಕವನವೂ ಇಲ್ಲ. ಅಂಥ ಕಥೆಯಿಂದ ಎಂಥ ಹೆಮ್ಮೆ ಬಂದೀತು?

ಸಂಬಂಧಪಟ್ಟವರಲ್ಲಿ ಒಂದು ಕೋರಿಕೆ. ಆವಣಿ ಬೆಟ್ಟದ ಬುಡದಲ್ಲಿ ಒಂದು ಫಲಕ ಹಾಕಿಸಿ. ಜನಕಪುರ, ಸೀತಾ ಎಲಿಯ, ಆವಣಿ, ಮೂರರ ಹೆಸರೂ ಅದರಲ್ಲಿರಲಿ. ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿಯಲ್ಲೂ ಬರೆಸಿ. ಜಾಸ್ತಿ ಖರ್ಚಿನ ಕೆಲಸವೇನಲ್ಲ.

ದಸರೆಗೆ ಆ ಹುಡುಗ ಊರಿಗೆ ಹೋಗುತ್ತಾನೆ. ಜನಕಪುರದ ಗುಡಿಯಲ್ಲಿ ಸೀತಮ್ಮನಿಗೆ ಕೊಡಲು ನನ್ನ ಹೆಂಡತಿ ಈಗಲೇ ಅರಿಶಿನ, ಕುಂಕುಮ, ಹಸಿರು ಬಳೆ, ಒಂದು ರವಿಕೆ ಕಣ ಎತ್ತಿಟ್ಟಿದ್ದಾಳೆ.

– ಒಬ್ಬ ನಿವೃತ್ತ ಶಿಕ್ಷಕ, ಮುಳಬಾಗಿಲು, ಕೋಲಾರ ಜಿಲ್ಲೆ