ಬ್ಯೂರೆಟ್ ಮಕ್ಕಳ ಕೈಗೆ ಬರಲಿ

ಮಾನ್ಯ ಸಂಪಾದಕರೇ,

ಹಾಲು ಶೀತಲೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಹಾಲಿನ ಹುಳಿ ಅಳೆದು ನಿವೃತ್ತನಾದವನು ನಾನು. ಪಿಯುಸಿ ವಿಜ್ಞಾನ ಓದುತ್ತಿರುವ ಮೊಮ್ಮಗಳು ಕಳೆದ ವಾರ ಒಂದು ಪ್ರಶ್ನೆ ಕೇಳಿದಳು: "ತಾತ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1. ಅದೇ ಪ್ರಮಾಣದ ಅಸಿಟಿಕ್ ಆಮ್ಲದ್ದು 2.87. ಆದರೂ ಎರಡನ್ನೂ 25 ಮಿಲಿಲೀಟರ್ ತೆಗೆದುಕೊಂಡರೆ 0.1 ಮೋಲಾರ್ ಕಾಸ್ಟಿಕ್ ಸೋಡಾ ಎರಡಕ್ಕೂ 25 ಮಿಲಿಲೀಟರೇ ಬೇಕಂತೆ. ಅದು ಹೇಗೆ?"

ಮೋಲಾರ್ ಎಂದರೆ ದ್ರಾವಣದ ಸಾಂದ್ರತೆಯ ಅಳತೆ; ಪಿಎಚ್ ಎಂದರೆ ಹುಳಿಯ ಅಂಕಿ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಲಾಗ್ ಹಾಕಿ ಪಿಎಚ್ ಲೆಕ್ಕವನ್ನು ಅವಳು ತಪ್ಪಿಲ್ಲದೆ ಮಾಡಿದ್ದಳು. ಆದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಯಾದ ಬ್ಯೂರೆಟ್ಟನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಕಾಲೇಜಿನಲ್ಲಿ ಉಪನ್ಯಾಸಕರು ಒಮ್ಮೆ ಮಾಡಿ ತೋರಿಸುತ್ತಾರೆ, ಉಳಿದವರು ಸುತ್ತ ನಿಂತು ನೋಡಿ ಅದೇ ಅಂಕಿಯನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ. ಇದು ನನಗೆ ತುಂಬಾ ನೋವು ತಂದ ಸಂಗತಿ.

ನಾನು ಹೇಳಿದೆ: ಪಿಎಚ್ ಎಂದರೆ ಈ ಕ್ಷಣ ಅಂಗಳದಲ್ಲಿ ನಿಂತವರ, ಅಂದರೆ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳ ಎಣಿಕೆ. ಸೋಡಾವನ್ನು ಹನಿಹನಿಯಾಗಿ ಬಿಟ್ಟು ಆಮ್ಲವನ್ನು ಅಳೆಯುವ ಅನುಮಾಪನವು ಮನೆಯೊಳಗಿರುವವರನ್ನೂ ಹೊರಗೆ ಕರೆದು ಎಣಿಸುವ ಖಾನೇಷುಮಾರಿ. ಆ ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಅಣುಗಳು ಮಾತ್ರ ಹೈಡ್ರೋಜನ್ ಅಯಾನು ಬಿಟ್ಟುಕೊಟ್ಟಿರುತ್ತವೆ. ಸೋಡಾ ಅವುಗಳನ್ನು ಹಿಡಿದ ಹಾಗೆಲ್ಲ ಒಳಗಿನವು ಹೊರಬರುತ್ತವೆ, ಕೊನೆಗೆ ಒಂದೂ ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಕರೆದ ಹಾಲನ್ನು 10 ಮಿಲಿಲೀಟರ್ ಪಿಪೆಟ್ಟಿನಲ್ಲಿ ತೆಗೆದು, ಆಮ್ಲ ತೀರಿದೊಡನೆ ಗುಲಾಬಿಯಾಗುವ ಸೂಚಕ ಫಿನಾಫ್ತಲೀನ್ ಹಾಕಿ ಅವಳ ಮುಂದಿಟ್ಟೆ. ಹಾಲಿನ ಬಿಳುಪಿನಲ್ಲಿ ಆ ತೆಳು ಗುಲಾಬಿಯನ್ನು ಗುರುತಿಸಲು ಕಣ್ಣು ಪಳಗಬೇಕು. ಮೊದಲ ಸಲ ಬಣ್ಣ ಬಂದದ್ದು ತಿಳಿಯದೆ ಸೋಡಾವನ್ನು 1.9 ಮಿಲಿಲೀಟರಿನವರೆಗೆ ಬಿಟ್ಟಳು. ಎರಡನೆಯ ಸಲ 1.5, ಮೂರನೆಯ ಸಲವೂ 1.5. 0.1 ಮೋಲಾರ್ ಸೋಡಾದ ಪ್ರತಿ ಮಿಲಿಲೀಟರಿಗೆ 0.009 ಗ್ರಾಂ ಲ್ಯಾಕ್ಟಿಕ್ ಆಮ್ಲವೆಂದು ಹಿಡಿದರೆ ಶೇ 0.135, ತಾಜಾ ಹಾಲಿನ ಲೆಕ್ಕ. ಆದರೆ ಅಷ್ಟು ಹೊಸ ಹಾಲಿನಲ್ಲಿ ನಿಜವಾದ ಲ್ಯಾಕ್ಟಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಸೋಡಾವನ್ನು ಹೀರುವುದು ಹಾಲಿನ ಕೇಸೀನ್ ಎಂಬ ಪ್ರೋಟೀನ್ ಮತ್ತು ಫಾಸ್ಫೇಟ್. ಬೇಸಿಗೆಯಲ್ಲಿ ಲಾರಿ ತಡವಾದ ದಿನ ಎರಡು ಮಿಲಿಲೀಟರ್ ದಾಟಿತೆಂದರೆ, ಕಾಯಿಸಿದಾಗ ಒಡೆಯುವ ಭಯ ನಮಗೆ ಇದ್ದೇ ಇತ್ತು.

ಕೊನೆಯ ಹನಿಗಳ ಮಹತ್ವ ಪುಸ್ತಕದಿಂದ ತಿಳಿಯುವಂಥದ್ದಲ್ಲ. ಅವಳು ಹೇಳಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 24.9 ಮಿಲಿಲೀಟರ್ ಸೋಡಾ ಬಿದ್ದಾಗ ಪಿಎಚ್ 3.7, 25.1 ಆಗುವಷ್ಟರಲ್ಲಿ 10.3. ನಡುವೆ ಬಿದ್ದದ್ದು ನಾಲ್ಕೇ ಹನಿ! ಅಸಿಟಿಕ್ ಆಮ್ಲಕ್ಕೆ ಮೀಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕ ಏಕೆ ಆಗದು ಎಂಬುದೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ: ಅದರ ಬಣ್ಣ ಪಿಎಚ್ 4.4ರೊಳಗೆ ಬದಲಾಗಿ ಮುಗಿಯುತ್ತದೆ, ಆಮ್ಲವೆಲ್ಲ ತೀರುವ ಹೊತ್ತಿಗೆ ಪಿಎಚ್ 8.7 ಆಗಿರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಾಲಿಗೆ ಬರವಿಲ್ಲ. ಪದವಿಪೂರ್ವ ಕಾಲೇಜುಗಳು ವರ್ಷಕ್ಕೆ ಎರಡು ದಿನವಾದರೂ ಹಳ್ಳಿಯ ಡೇರಿಯಿಂದ ಹಾಲು ತರಿಸಿ, ಪ್ರತಿ ವಿದ್ಯಾರ್ಥಿಯೂ ತಾನೇ ಮೂರು ಸಲ ಅಳೆಯುವಂತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ತಪ್ಪಿದ 1.9 ಕೂಡ ರೆಕಾರ್ಡಿನಲ್ಲಿ ಇರಲಿ. ಸುತ್ತಮುತ್ತಲಿನ ಯಾವ ಕಾಲೇಜಿನವರು ಕರೆದರೂ ನನ್ನ ಬ್ಯೂರೆಟ್ಟು, ಸ್ಟ್ಯಾಂಡು ಸಮೇತ ಬರುತ್ತೇನೆ. ಬಸ್ಸಿನ ಖರ್ಚೂ ನನ್ನದೇ.

– ನಿವೃತ್ತ ಹಾಲು ಪರೀಕ್ಷಕ, ಮುಳಬಾಗಿಲು